ಸೀಮೆ ದಾಟಲು ಸಿಮ್ ಯಾವುದು? ವಿದೇಶಕ್ಕೆ ಹೊರಟವರಿಗೊಂದು ಮೊಬೈಲ್ ಪಾಠ



ಮಗ ನ್ಯೂಜೆರ್ಸಿಯಲ್ಲಿ, ಮಗಳು ಸಿಂಗಪುರದಲ್ಲಿ, ತಮ್ಮ ದುಬೈನಲ್ಲಿ. ಟಿ. ನಗರದಿಂದ ಐನಾವರಂವರೆಗೆ ಯಾವ ಕನ್ನಡದ ಮನೆಗೆ ಹೋದರೂ ಇಂಥ ಒಂದಾದರೂ ವಿಳಾಸ ಸಿಗುತ್ತದೆ. ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡಲೆಂದೋ, ಬರೀ ತಿರುಗಾಟಕ್ಕೆಂದೋ ಹೊರಡುವವರು ತಿಂಗಳ ಮೊದಲೇ ತಯಾರಿ ಶುರು ಮಾಡುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ಎಲ್ಲವೂ ತೂಕವಾಗಿ ಸೂಟ್‌ಕೇಸ್ ಸೇರುತ್ತವೆ. ಮೊಬೈಲಿನ ವಿಷಯ ಮಾತ್ರ ಕೊನೆಯ ರಾತ್ರಿಗೆ ಉಳಿಯುತ್ತದೆ. "ಅಲ್ಲಿಗೆ ಹೋದ ಮೇಲೆ ಒಂದು ಸಿಮ್ ಹಾಕಿಸಿಕೊಂಡರಾಯಿತು ಬಿಡಿ" ಎಂದು ಯಾರಾದರೂ ಹೇಳುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಹಾಗೆ ಹೋದವರ ಕತೆ ಮುಂದೆ ಹೇಗೆ ಸಾಗುತ್ತದೆ ಎಂದು ಊಹಿಸಿಕೊಳ್ಳಿ. ಅಲ್ಲಿ ಇಳಿದ ಕೂಡಲೇ ಮಗ ಹೊಸ ಸಿಮ್ ಹಾಕಿಕೊಡುತ್ತಾನೆ. ಹಳೆಯ ಭಾರತದ ಸಿಮ್ಮನ್ನು ತೆಗೆದು, ಕಾಗದದಲ್ಲಿ ಸುತ್ತಿ, ಪರ್ಸಿನ ಒಳಜೇಬಿನಲ್ಲಿ ಇಟ್ಟದ್ದಾಯಿತು. ಮೂರು ವಾರ ಎಲ್ಲವೂ ಚೆಂದ. ನಾಲ್ಕನೆಯ ವಾರ ಚೆನ್ನೈನ ಮನೆಯ ವಿದ್ಯುತ್ ಬಿಲ್ಲು ಕಟ್ಟಬೇಕು, ಇಲ್ಲವೇ ಯಾರಿಗೋ ತುರ್ತಾಗಿ ಹಣ ಕಳಿಸಬೇಕು. ಬ್ಯಾಂಕಿನವರು ಓಟಿಪಿ ಕಳಿಸುತ್ತಾರೆ. ಅದು ಹೋಗುವುದು ಪರ್ಸಿನಲ್ಲಿ ಮಲಗಿರುವ ಸಿಮ್ಮಿಗೆ! ಗಡಿಬಿಡಿಯಲ್ಲಿ ಅದನ್ನು ಹುಡುಕಿ ಹಾಕಿದರೆ ಸಿಗ್ನಲ್ಲೇ ಇಲ್ಲ. ಯಾಕೆಂದರೆ ಹೊರಡುವ ಮುನ್ನ ಯಾರೂ ರೋಮಿಂಗ್ ಮಾಡಿಸಿರಲಿಲ್ಲ, ರೀಚಾರ್ಜ್ ಅವಧಿಯೂ ಮುಗಿದಿತ್ತು.

ಹಾಗಾಗಿ "ಯಾವ ಸಿಮ್ ಕೊಳ್ಳಲಿ?" ಎಂಬುದು ಎರಡನೆಯ ಪ್ರಶ್ನೆ. "ನನ್ನ ಭಾರತದ ನಂಬರನ್ನು ಅಲ್ಲಿ ಹೇಗೆ ಜೀವಂತ ಇಟ್ಟುಕೊಳ್ಳಲಿ?" ಎಂಬುದು ಮೊದಲನೆಯದು. ವಿದೇಶದ ಸಿಮ್ ಕಳೆದರೆ ಪಕ್ಕದ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಭಾರತದ ನಂಬರು ಮಾತ್ರ ಬ್ಯಾಂಕು, ಆಧಾರ್, ಪಿಂಚಣಿ, ವಾಟ್ಸಾಪ್ ಎಲ್ಲಕ್ಕೂ ನಿಮ್ಮ ಸಹಿ ಇದ್ದಂತೆ. ಒಂದು ನಂಬರು ಮಾತಿಗೆ, ಇನ್ನೊಂದು ಗುರುತಿಗೆ. ಇಷ್ಟನ್ನು ನೆನಪಿಟ್ಟುಕೊಂಡರೆ ಫೋನಿನ ಆಯ್ಕೆಯೂ ಸಿಮ್ಮಿನ ಆಯ್ಕೆಯೂ ಸುಲಭ.

ಅಂದಿನ ತೊಂದರೆ, ಇಂದಿನ ತೊಂದರೆ

ನಮ್ಮೂರಿಗೆ ಮೊಬೈಲ್ ಬಂದದ್ದು 1995ರಲ್ಲಿ. ಸ್ಕೈಸೆಲ್ ಮತ್ತು ಆರ್‌ಪಿಜಿ ಎಂಬ ಎರಡು ಹೆಸರುಗಳು ಹಳಬರಿಗೆ ನೆನಪಿರಬಹುದು. ಆ ಕಾಲದಲ್ಲಿ ವಿದೇಶಕ್ಕೆ ಹೊರಟವರು ಅಂಗಡಿಯಲ್ಲಿ ಕೇಳುತ್ತಿದ್ದದ್ದು "ಇದು ಡ್ಯುಯಲ್ ಬ್ಯಾಂಡೋ ಟ್ರೈ ಬ್ಯಾಂಡೋ?" ಎಂದು. ಭಾರತ, ಯುರೋಪ್, ಸಿಂಗಪುರಗಳಲ್ಲಿ ಜಿಎಸ್ಎಂ ಫೋನು 900 ಮತ್ತು 1800 ಮೆಗಾಹರ್ಟ್ಸ್ ತರಂಗಗಳಲ್ಲಿ ಕೆಲಸ ಮಾಡುತ್ತಿತ್ತು. ಅಮೆರಿಕದಲ್ಲಿ ಅದೇ 850 ಮತ್ತು 1900. ಇಲ್ಲಿ ಕೊಂಡ ಎರಡು ಬ್ಯಾಂಡಿನ ಫೋನು ಅಮೆರಿಕದಲ್ಲಿ ಬರೀ ಗಡಿಯಾರ. ಜಪಾನಿನಲ್ಲಂತೂ ಜಿಎಸ್ಎಂ ಜಾಲವೇ ಇರಲಿಲ್ಲ.

ಈಗ ಆ ತೊಂದರೆ ಹೋಗಿ ಬೇರೊಂದು ಬಂದಿದೆ. ಹಳೆಯ ಜಾಲಗಳನ್ನು ಒಂದೊಂದೇ ದೇಶ ಮುಚ್ಚುತ್ತಿದೆ. ಸಿಂಗಪುರ 2017ರಲ್ಲಿ 2ಜಿ ನಿಲ್ಲಿಸಿತು, 2024ರಲ್ಲಿ 3ಜಿಗೂ ವಿದಾಯ ಹೇಳಿತು. ಮಲೇಷ್ಯಾ 2021ರ ಕೊನೆಗೆ 3ಜಿ ಮುಚ್ಚಿತು. ಅಮೆರಿಕದ ಮೂರು ದೊಡ್ಡ ಕಂಪನಿಗಳೂ 2022ರಲ್ಲಿ 3ಜಿ ನಿಲ್ಲಿಸಿದವು. ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಅದೇ ಆಯಿತು. ಹಾಗಾಗಿ ಅಲ್ಲಿ ಹೆಚ್ಚಿನ ಕಡೆ ಸಾದಾ ಮಾತಿನ ಕರೆಯೂ 4ಜಿ ಜಾಲದ ಮೇಲೇ ಹೋಗಬೇಕು. ಇದಕ್ಕೆ ವೋಲ್ಟೆ ಎಂದು ಹೆಸರು. ನಮ್ಮಲ್ಲಿ ಇನ್ನೂ ಚೆನ್ನಾಗಿ ಓಡುವ 2ಜಿ ಕೀಪ್ಯಾಡ್ ಫೋನನ್ನು "ಅಪ್ಪನಿಗೆ ಇದೇ ಅಭ್ಯಾಸ" ಎಂದು ಜೊತೆಗೆ ಕಳಿಸಿದರೆ ಅದು ಸಿಂಗಪುರದಲ್ಲಿ ಇಳಿದ ಕ್ಷಣದಿಂದ ಮೂಕ.

ಫೋನಿಗೆ ನಾಲ್ಕು ಪರೀಕ್ಷೆ

ಹೊಸ ಫೋನು ಕೊಳ್ಳಲೇಬೇಕೆಂದಿಲ್ಲ. ಕೈಯಲ್ಲಿರುವುದನ್ನೇ ಈ ನಾಲ್ಕು ಪರೀಕ್ಷೆಗೆ ಒಡ್ಡಿ.

ಒಂದು, ಎರಡು ನಂಬರುಗಳಿಗೆ ಜಾಗ ಇದೆಯೇ? ನಮ್ಮ ದೇಶದಲ್ಲಿ ಮಾರುವ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಎರಡು ಸಿಮ್ ಹಾಕಬಹುದು. ಕೆಲವದರಲ್ಲಿ ಒಂದು ಸಿಮ್ ಮತ್ತು ಒಂದು ಇ-ಸಿಮ್. ಇ-ಸಿಮ್ ಎಂದರೆ ಪ್ಲಾಸ್ಟಿಕ್ ಚೂರು ಇಲ್ಲದ ಸಿಮ್. ಫೋನಿನೊಳಗೇ ಇರುವ ಚಿಪ್ಪಿಗೆ ಕಂಪನಿಯವರು ಕಳಿಸುವ ಕ್ಯೂಆರ್ ಕೋಡ್ ಮೂಲಕ ನಂಬರನ್ನು ಇಳಿಸಿಕೊಳ್ಳುವುದು. ನಿಮ್ಮ ಫೋನಿಗೆ ಆ ಸೌಲಭ್ಯ ಇದೆಯೇ ಎಂದು ತಿಳಿಯಲು *#06# ಒತ್ತಿ ನೋಡಿ. 15 ಅಂಕಿಯ ಐಎಂಇಐ ಸಂಖ್ಯೆಯ ಜೊತೆ ಇಐಡಿ ಎಂಬ 32 ಅಂಕಿಯ ಉದ್ದ ಸಂಖ್ಯೆಯೂ ಕಂಡರೆ ಇ-ಸಿಮ್ ನಡೆಯುತ್ತದೆ.

ಎರಡು, ಫೋನು ಲಾಕ್ ಆಗಿದೆಯೇ? ಇಲ್ಲಿ ಕೊಂಡ ಫೋನಿಗೆ ಸಾಮಾನ್ಯವಾಗಿ ಈ ಚಿಂತೆ ಇಲ್ಲ. ಆದರೆ ಅಮೆರಿಕದಲ್ಲಿ ಕಂಪನಿಯ ಕಂತಿನ ಮೇಲೆ ಕೊಂಡ ಫೋನು ಸಾಲ ತೀರುವವರೆಗೆ ಆ ಕಂಪನಿಯ ಸಿಮ್ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಮಗಳು ಹೊಸದು ಕೊಂಡು ತನ್ನ ಹಳೆಯದನ್ನು ಅಮ್ಮನಿಗೆ ಕೊಟ್ಟಳು ಎನ್ನಿ, "ಅನ್‌ಲಾಕ್ ಮಾಡಿಸಿದ್ದೀಯೇನೇ?" ಎಂದು ಮೊದಲು ಕೇಳಬೇಕು. ಬರ್ಮಾ ಬಜಾರಿನಲ್ಲೋ ರಿಚ್ಚಿ ಸ್ಟ್ರೀಟಿನಲ್ಲೋ ಸೆಕೆಂಡ್ ಹ್ಯಾಂಡ್ ವಿದೇಶಿ ಫೋನು ಕೊಳ್ಳುವವರೂ ಅಂಗಡಿಯಲ್ಲೇ ತಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ ನೋಡಿದ ಮೇಲೆ ಹಣ ಕೊಡುವುದು ಒಳ್ಳೆಯದು.

ಮೂರು, ಅದು ಯಾವ ದೇಶಕ್ಕಾಗಿ ಮಾಡಿದ ಫೋನು? ನಮ್ಮ ಶ್ರೀಪೆರಂಬದೂರಿನಲ್ಲಿ 2006ರಲ್ಲಿ ನೋಕಿಯಾ ಕಾರ್ಖಾನೆ ಶುರುವಾಗಿ 2014ರಲ್ಲಿ ನಿಂತಿತು. ಈಗ ಅದೇ ಊರಿನಲ್ಲಿ ಫಾಕ್ಸ್‌ಕಾನ್ ಐಫೋನ್ ಜೋಡಿಸುತ್ತದೆ. ಜೋಡಿಸಿದ್ದು ನಮ್ಮೂರ ಪಕ್ಕದಲ್ಲೇ ಆದರೂ ಅಮೆರಿಕಕ್ಕೆಂದು ಮಾಡಿದ ಐಫೋನಿಗೂ ಭಾರತಕ್ಕೆಂದು ಮಾಡಿದ್ದಕ್ಕೂ ವ್ಯತ್ಯಾಸ ಇದೆ. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಹೊಸ ಮಾದರಿಗಳಲ್ಲಿ ಸಿಮ್ ಹಾಕುವ ತಟ್ಟೆಯೇ ಇಲ್ಲ. ಬರೀ ಇ-ಸಿಮ್. ಅಲ್ಲಿಂದ ಉಡುಗೊರೆಯಾಗಿ ಬಂದ ಫೋನಿಗೆ ನಿಮ್ಮ ಪ್ಲಾಸ್ಟಿಕ್ ಸಿಮ್ ಹಾಕಲು ಬರುವುದಿಲ್ಲ. ನಂಬರನ್ನೇ ಇ-ಸಿಮ್ಮಿಗೆ ಬದಲಿಸಿಕೊಳ್ಳಬೇಕು. ಏರ್‌ಟೆಲ್, ಜಿಯೋ, ವಿ ಗ್ರಾಹಕರಿಗೆ ಈ ಸೌಲಭ್ಯ ಮೊದಲಿಂದ ಇದೆ. ಬಿಎಸ್ಸೆನ್ನೆಲ್ ಕೂಡ 2025ರಲ್ಲಿ ಶುರು ಮಾಡಿತು. ಆದರೆ ಈ ಬದಲಾವಣೆಯನ್ನು ಚೆನ್ನೈನಲ್ಲಿ ಇರುವಾಗಲೇ ಮುಗಿಸಿಕೊಳ್ಳಿ. ವಿದೇಶದಲ್ಲಿ ಕೂತು ಮಾಡಿಸುವುದು ತಲೆನೋವು.

ನಾಲ್ಕು, ಬ್ಯಾಂಡುಗಳು ಹೊಂದುತ್ತವೆಯೇ? 4ಜಿಯಲ್ಲೂ ದೇಶಕ್ಕೊಂದು ತರಂಗ. ನಮ್ಮಲ್ಲಿ ಹೆಚ್ಚಾಗಿ 3, 5, 8, 40ನೇ ಬ್ಯಾಂಡು. ಯುರೋಪಿನಲ್ಲಿ 3, 7, 20. ಅಮೆರಿಕದಲ್ಲಿ 2, 4, 12, 13, 66, 71. ಸಿಂಗಪುರ, ದುಬೈಗೆ ನಮ್ಮ ಫೋನು ಸಾಮಾನ್ಯವಾಗಿ ಸಾಕು. ಅಮೆರಿಕಕ್ಕೆ ಮಾತ್ರ ಕಡಿಮೆ ಬೆಲೆಯ ಫೋನಿನ ಪೆಟ್ಟಿಗೆಯನ್ನೋ ತಯಾರಕರ ವೆಬ್‌ಸೈಟನ್ನೋ ಒಮ್ಮೆ ನೋಡಿ. ಅಲ್ಲಿ ಮನೆಯೊಳಗೆ, ಹಳ್ಳಿಗಾಡಿನಲ್ಲಿ ಸಿಗ್ನಲ್ ತರುವುದು 12, 13, 71ರಂಥ ಕೆಳ ತರಂಗಗಳೇ. ಜೊತೆಗೆ ಅಲ್ಲಿನ ಎಟಿ ಅಂಡ್ ಟಿ ಕಂಪನಿ ತಾನು ಒಪ್ಪಿದ ಫೋನುಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಪಟ್ಟಿಯಲ್ಲಿಲ್ಲದ ಮಾದರಿಗೆ ಸೇವೆ ಸಿಗದಿರಬಹುದು. ಮಗನಿಗೆ ಐಎಂಇಐ ಸಂಖ್ಯೆ ಕಳಿಸಿದರೆ ಅವನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ ಹೇಳುತ್ತಾನೆ. ಎರಡು ನಿಮಿಷದ ಕೆಲಸ.

ರೋಮಿಂಗ್ ಎಂದರೇನು?

ಧನುಷ್ಕೋಟಿಗೆ ಹೋಗಿ ಬಂದವರಲ್ಲಿ ಕೆಲವರಿಗೆ ಈ ಅನುಭವ ಆಗಿದೆ. ಸಮುದ್ರದ ಕಡೆ ಮುಖ ಮಾಡಿ ನಿಂತಿರುವಾಗ ಮೊಬೈಲಿಗೆ "ಶ್ರೀಲಂಕಾಕ್ಕೆ ಸ್ವಾಗತ" ಎಂಬ ಸಂದೇಶ! ಆಚೆಯ ದಡದ ಟವರಿನ ಸಿಗ್ನಲ್ ಗಾಳಿಯಲ್ಲಿ ತೇಲಿ ಬಂದು ನಮ್ಮ ಫೋನನ್ನು ಸೆಳೆದುಕೊಂಡಿರುತ್ತದೆ. ರೋಮಿಂಗ್ ಎಂದರೆ ಇದೇ. ನಿಮ್ಮ ಸಿಮ್ ಪರಊರಿನ ಟವರಿಗೆ ಅತಿಥಿಯಾಗಿ ಹೋಗುವುದು. ಅತಿಥಿ ಬಂದಾಗ ಆ ಕಂಪನಿ ನಮ್ಮ ಕಂಪನಿಯನ್ನು ಕೇಳುತ್ತದೆ: "ಈತ ನಿಮ್ಮವನೇ? ಖರ್ಚು ನೀವು ಕೊಡುತ್ತೀರಾ?" ನಮ್ಮವರು ಹೌದು ಎಂದರೆ ಸಿಗ್ನಲ್ ಬರುತ್ತದೆ. ಆ ಖರ್ಚು ಕೊನೆಗೆ ನಿಮ್ಮ ಬಿಲ್ಲಿಗೆ. ನೀವು ಮೊದಲೇ ರೋಮಿಂಗ್ ಮಾಡಿಸಿರದಿದ್ದರೆ ನಮ್ಮವರು ಬೇಡ ಎನ್ನುತ್ತಾರೆ, ಫೋನಿನಲ್ಲಿ ಗೀಟು ಮೂಡುವುದಿಲ್ಲ.

ಇಲ್ಲಿ ಮುಖ್ಯವಾದ ವ್ಯತ್ಯಾಸ ಒಂದಿದೆ. ರೋಮಿಂಗ್‌ನಲ್ಲಿ ಹೊರಹೋಗುವ ಕರೆಗೂ ದುಡ್ಡು, ಒಳಬರುವ ಕರೆಗೂ ದುಡ್ಡು. ಇಂಟರ್ನೆಟ್ ಡೇಟಾ ಅಂತೂ ಪ್ಯಾಕ್ ಇಲ್ಲದೆ ಬಳಸಿದರೆ ಎದೆ ಝಲ್ಲೆನ್ನುವ ಬಿಲ್ಲು. ಆದರೆ ಒಳಬರುವ ಎಸ್ಸೆಮ್ಮೆಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಹಣ ತೆಗೆದುಕೊಳ್ಳುವುದಿಲ್ಲ. ಓಟಿಪಿ ಬರುವುದು ಎಸ್ಸೆಮ್ಮೆಸ್‌ನಲ್ಲೇ ಅಲ್ಲವೇ? ಅಂದರೆ ಭಾರತದ ಸಿಮ್ಮನ್ನು ಫೋನಿನಲ್ಲೇ ಬಿಟ್ಟು, ಅದರ ಡೇಟಾ ಮುಚ್ಚಿ, ಕರೆ ಎತ್ತದೆ, ಬರೀ ಸಂದೇಶಕ್ಕೆ ಕಿವಿಯಾಗಿ ಇಟ್ಟುಕೊಂಡರೆ ಖರ್ಚು ಹೆಚ್ಚೇನೂ ಇಲ್ಲ. ಇದೇ ಇಡೀ ಪಾಠದ ಸಾರ.

ಮೂರು ದಾರಿ, ಯಾರಿಗೆ ಯಾವುದು?

ಮಾತು ಮತ್ತು ಡೇಟಾಕ್ಕೆ ಮೂರು ದಾರಿಗಳಿವೆ. ಎಷ್ಟು ದಿನದ ಪ್ರವಾಸ ಎಂಬುದರ ಮೇಲೆ ಆಯ್ಕೆ.

ಮೂರು ದಿನದಿಂದ ಒಂದು ವಾರದ ಪ್ರವಾಸವಾದರೆ, ಅದರಲ್ಲೂ ಟೂರ್ ಕಂಪನಿಯ ಜೊತೆ ಹಲವು ದೇಶ ಸುತ್ತುವುದಾದರೆ, ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕ್ ನೆಮ್ಮದಿ. ಹೊಸ ನಂಬರಿಲ್ಲ, ಸಿಮ್ ಬದಲಿಸುವ ಗೋಜಿಲ್ಲ. ಪ್ಯಾಕ್ ಕೊಳ್ಳುವಾಗ ನೀವು ಹೋಗುವ ಪ್ರತಿ ದೇಶದ ಹೆಸರೂ ಪಟ್ಟಿಯಲ್ಲಿದೆಯೇ ನೋಡಿ. ದಾರಿಯಲ್ಲಿ ವಿಮಾನ ಬದಲಿಸುವ ದೇಶವನ್ನೂ ಸೇರಿಸಿ. ಪ್ಯಾಕಿನ ದಿನ ಎಲ್ಲಿಂದ ಎಣಿಕೆ, ಕೊಂಡ ದಿನದಿಂದಲೋ ಅಲ್ಲಿ ಇಳಿದ ಕ್ಷಣದಿಂದಲೋ ಎಂದೂ ಕೇಳಿ.

ಎರಡು ವಾರದಿಂದ ಆರು ತಿಂಗಳಾದರೆ ಅಲ್ಲಿಯದೇ ಸಿಮ್ ಲಾಭ. ಸಿಂಗಪುರ, ಮಲೇಷ್ಯಾ, ದುಬೈ ವಿಮಾನ ನಿಲ್ದಾಣಗಳಲ್ಲೇ ಪ್ರವಾಸಿಗರ ಸಿಮ್ ಸಿಗುತ್ತದೆ. ಪಾಸ್‌ಪೋರ್ಟ್ ತೋರಿಸಬೇಕು. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗುವವರಿಗೆ ಅವರ ಫ್ಯಾಮಿಲಿ ಪ್ಲಾನಿನಲ್ಲೇ ಒಂದು ನಂಬರು ಸೇರಿಸುವುದು ಸುಲಭ. ಇಲ್ಲವಾದರೆ ತಿಂಗಳ ಲೆಕ್ಕದ ಪ್ರಿಪೇಯ್ಡ್ ಸಿಮ್.

ಮೂರನೆಯದು ಪ್ರವಾಸಿ ಇ-ಸಿಮ್. ಮನೆಯ ವೈಫೈನಲ್ಲೇ ಇಳಿಸಿಕೊಂಡು ಹೋಗಿ, ಅಲ್ಲಿ ಇಳಿದ ಕೂಡಲೇ ಚಾಲೂ ಮಾಡಬಹುದು. ಆದರೆ ಇವುಗಳಲ್ಲಿ ಹೆಚ್ಚಿನವು ಡೇಟಾ ಮಾತ್ರ ಕೊಡುತ್ತವೆ. ಸಾದಾ ಕರೆ ಮಾಡಲು ನಂಬರೇ ಇರುವುದಿಲ್ಲ. ವಾಟ್ಸಾಪ್‌ನಲ್ಲೇ ಎಲ್ಲ ಮಾತು ಮುಗಿಸುವವರಿಗೆ ಸರಿ. ಟ್ಯಾಕ್ಸಿಯವನಿಗೆ, ಆಸ್ಪತ್ರೆಗೆ ಫೋನ್ ಮಾಡಬೇಕಾದವರಿಗೆ ಸಾಲದು. ಇನ್ನೊಂದು ಮಾತು. ಭಾರತದಲ್ಲಿ ವಿದೇಶಿ ಸಿಮ್ ಮಾರಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಹಾಗೆ ಅನುಮತಿಯಿಲ್ಲದೆ ಇ-ಸಿಮ್ ಮಾರುತ್ತಿದ್ದ ಎರಡು ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಇಲ್ಲಿನ ಆ್ಯಪ್ ಅಂಗಡಿಗಳಿಂದ ತೆಗೆಸಲಾಯಿತು. ಇಲ್ಲೇ ಕೊಳ್ಳುವುದಾದರೆ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿ ಕೇಳಿ ರಸೀದಿ ಕೊಡುವವರ ಬಳಿಯೇ ಕೊಳ್ಳಿ.

ದೇಶಕ್ಕೊಂದು ಕಿವಿಮಾತು

ಸಿಂಗಪುರ, ಮಲೇಷ್ಯಾ: ಎರಡೂ ಬೇರೆ ದೇಶ, ಎರಡೂ ಬೇರೆ ಸಿಮ್. ಸಿಂಗಪುರದ ಸಿಮ್ ಇಟ್ಟುಕೊಂಡು ಸೇತುವೆ ದಾಟಿ ಜೋಹೋರ್ ಬಾರುಗೆ ಹೋದರೆ ಅದು ರೋಮಿಂಗ್. ಗಡಿಯ ಹತ್ತಿರದ ಮನೆಗಳಲ್ಲಿ ಧನುಷ್ಕೋಟಿಯ ಕತೆಯೇ ನಡೆಯುತ್ತದೆ, ಫೋನು ತಾನಾಗಿ ಆಚೆಯ ಟವರ್ ಹಿಡಿಯಬಹುದು. ಎರಡೂ ಕಡೆ ನಡೆಯುವ ಪ್ಯಾಕ್ ಇದೆಯೇ ಎಂದು ಕೇಳಿ ಕೊಳ್ಳಿ.

ದುಬೈ, ಅಬುಧಾಬಿ: ವಾಟ್ಸಾಪ್ ಸಂದೇಶ ಹೋಗುತ್ತದೆ, ಆದರೆ ವಾಟ್ಸಾಪ್ ಕರೆಗೆ ಅಲ್ಲಿ ಬಹುಕಾಲದಿಂದ ನಿರ್ಬಂಧ ಇದೆ. ಅಲ್ಲಿ ಪರವಾನಗಿ ಪಡೆದ ಬೋಟಿಮ್‌ನಂಥ ಆ್ಯಪ್ ಬಳಸುತ್ತಾರೆ. "ದಿನಾ ವಿಡಿಯೋ ಕಾಲ್ ಮಾಡುತ್ತಿದ್ದ ಅಮ್ಮ ಫೋನೇ ಮಾಡಲಿಲ್ಲ" ಎಂದು ಇಲ್ಲಿ ಇರುವವರು ಗಾಬರಿಯಾಗದಂತೆ ಮೊದಲೇ ಮಾತಾಡಿಕೊಂಡು, ಇಬ್ಬರ ಫೋನಿನಲ್ಲೂ ಅದೇ ಆ್ಯಪ್ ಹಾಕಿಕೊಳ್ಳಿ.

ಯುರೋಪ್: 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದ ಒಂದು ದೇಶದ ಸಿಮ್ ಇನ್ನೊಂದು ದೇಶದಲ್ಲೂ ಹೆಚ್ಚಿನ ಶುಲ್ಕವಿಲ್ಲದೆ ನಡೆಯುತ್ತದೆ. ಪ್ಯಾರಿಸ್‌ನಲ್ಲಿ ಕೊಂಡದ್ದು ರೋಮ್‌ನಲ್ಲೂ ಆದೀತು. ಆದರೆ ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಪ್ಯಾಕಿನಲ್ಲಿ ಈ ಎರಡು ಹೆಸರು ಬೇರೆಯಾಗಿ ಹುಡುಕಿ.

ಜಪಾನ್: ಪ್ರವಾಸಿಗರಿಗೆ ಸಿಗುವ ಸಿಮ್ ಬಹುತೇಕ ಡೇಟಾ ಮಾತ್ರ. ಚೀನಾ: ಅಲ್ಲಿನ ಸಿಮ್‌ನಲ್ಲೂ ಹೋಟೆಲ್ ವೈಫೈನಲ್ಲೂ ವಾಟ್ಸಾಪ್, ಗೂಗಲ್ ತೆರೆಯುವುದಿಲ್ಲ. ಭಾರತದ ಸಿಮ್ಮಿನ ರೋಮಿಂಗ್ ಡೇಟಾ ನಮ್ಮ ಕಂಪನಿಯ ಮೂಲಕವೇ ಸುತ್ತಿ ಬರುವುದರಿಂದ ಸಾಮಾನ್ಯವಾಗಿ ತೆರೆಯುತ್ತದೆ. ಚೀನಾಕ್ಕೆ ಹೋಗುವವರಿಗೆ ರೋಮಿಂಗ್ ದುಬಾರಿಯಾದರೂ ವಾಸಿ.

ಭಾರತದ ನಂಬರಿನ ಆರೈಕೆ

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಆರು ತಿಂಗಳು ಹೋಗುವವರ ಪ್ರಿಪೇಯ್ಡ್ ನಂಬರು ಉಳಿಯುವುದು ಹೇಗೆ?

ರೀಚಾರ್ಜ್ ಅವಧಿ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಒಳಬರುವುದೂ ನಿಲ್ಲುತ್ತದೆ. 90 ದಿನ ಯಾವ ಬಳಕೆಯೂ ಇಲ್ಲದೆ ಬಿದ್ದಿರುವ ಪ್ರಿಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಿ, ಮುಂದೆ ಬೇರೆಯವರಿಗೆ ಕೊಡಬಹುದು. ನಿಮ್ಮ ಬ್ಯಾಂಕಿನ ಓಟಿಪಿ ಯಾರೋ ಅಪರಿಚಿತರ ಕೈಗೆ! ಆದ್ದರಿಂದ ವಾಪಸು ಬರುವ ದಿನಾಂಕಕ್ಕೂ ಒಂದು ತಿಂಗಳು ಮುಂದಕ್ಕೆ ಅವಧಿ ಇರುವಂತೆ ರೀಚಾರ್ಜ್ ಮಾಡಿಸಿ ಹೋಗಿ. ಡೇಟಾ ಬೇಡದವರಿಗಾಗಿ ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಆದೇಶಿಸಿತು. ಅಂಥ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ಹಿರಿಯರಿಗೆ ಇದು ಹೇಳಿ ಮಾಡಿಸಿದ್ದು.

ಹೊರಡುವ ಒಂದು ವಾರ ಮೊದಲು ನಿಮ್ಮ ಕಂಪನಿಯ ಅಂಗಡಿಗೆ ಹೋಗಿ ಈ ಮೂರು ಪ್ರಶ್ನೆ ಕೇಳಿ. "ನನ್ನ ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಇದೆಯೇ? ಪ್ಯಾಕ್ ಹಾಕಿಸದೆಯೂ ಅಲ್ಲಿ ಎಸ್ಸೆಮ್ಮೆಸ್ ಬರುತ್ತದೆಯೇ? ನಾನು ಹೋಗುವ ದೇಶದಲ್ಲಿ ನಿಮ್ಮ ಸೇವೆ ಇದೆಯೇ?" ಮೂರಕ್ಕೂ ಸ್ಪಷ್ಟ ಉತ್ತರ ಸಿಗುವವರೆಗೆ ಕೌಂಟರ್ ಬಿಡಬೇಡಿ. ಕಂಪನಿಯಿಂದ ಕಂಪನಿಗೆ ಉತ್ತರ ಬೇರೆ.

ಪಿಂಚಣಿದಾರರಿಗೆ ಈ ನಂಬರು ಇನ್ನೂ ಮುಖ್ಯ. ನವೆಂಬರ್ ತಿಂಗಳಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕಲ್ಲ, ಆಗ ಮಗಳ ಮನೆಯಲ್ಲಿದ್ದರೆ? ಮುಖ ತೋರಿಸಿ ಫೋನಿನಲ್ಲೇ ಪ್ರಮಾಣ ಪತ್ರ ಕೊಡುವ ವ್ಯವಸ್ಥೆ 2021ರಿಂದ ಇದೆ. ಅದಕ್ಕೂ ಓಟಿಪಿ ಬೇಕು. ಜುಲೈನಲ್ಲಿ ಆದಾಯ ತೆರಿಗೆ ರಿಟರ್ನ್ ಆಧಾರ್ ಮೂಲಕ ದೃಢೀಕರಿಸುವವರಿಗೂ ಅಷ್ಟೇ. ಆಧಾರ್‌ಗೆ ಜೋಡಿಸಿದ ನಂಬರು ಯಾವುದು ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅಪ್ಪನ ಆಧಾರ್‌ಗೆ ಎಂದೋ ಬಿಟ್ಟುಹೋದ ಹಳೆಯ ನಂಬರೇ ಇರುತ್ತದೆ.

ಯುಪಿಐ ಆ್ಯಪ್‌ಗಳೂ ಸಿಮ್ಮಿಗೆ ಕಟ್ಟುಬಿದ್ದಿವೆ. ಸಿಮ್ ತೆಗೆದರೆ ಅವು ಕೈಕೊಡಬಹುದು. 2025ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ವಾಟ್ಸಾಪ್‌ನಂಥ ಸಂದೇಶ ಆ್ಯಪ್‌ಗಳಿಗೂ ಸಿಮ್ ಜೊತೆಗಿನ ನಂಟು ಕಡ್ಡಾಯ ಮಾಡುವ ನಿರ್ದೇಶನ ಹೊರಡಿಸಿತು. ಗಾಳಿ ಬೀಸುತ್ತಿರುವುದು ಒಂದೇ ದಿಕ್ಕಿಗೆ: ಸಿಮ್ ಪರ್ಸಿನಲ್ಲಿ ಬೇಡ, ಫೋನಿನಲ್ಲಿರಲಿ. ಹೊಸ ಸಿಮ್ ಹಾಕಿದಾಗ ವಾಟ್ಸಾಪ್ ನಂಬರು ಬದಲಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ.

ಕಳೆದುಹೋದರೆ?

ಫೋನು ಕಳೆದರೆ ಹೋಗುವುದು ದುಡ್ಡು ಮಾತ್ರ. ಸಿಮ್ ಕಳೆದರೆ ಹೋಗುವುದು ಗುರುತು. ಬದಲಿ ಸಿಮ್ ಬೇಕಾದರೆ ಸಾಮಾನ್ಯವಾಗಿ ಗುರುತಿನ ಚೀಟಿ ಹಿಡಿದು ನೀವೇ ಖುದ್ದಾಗಿ ಇಲ್ಲಿನ ಅಂಗಡಿಗೆ ಬರಬೇಕು. ಬದಲಿ ಸಿಮ್ ಸಿಕ್ಕಿದ ಮೇಲೂ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಕಳ್ಳರು ನಕಲಿ ಸಿಮ್ ತೆಗೆದು ಬ್ಯಾಂಕ್ ಖಾಲಿ ಮಾಡುವುದನ್ನು ತಡೆಯಲು 2022ರಲ್ಲಿ ತಂದ ನಿಯಮ ಇದು. ಅಂದರೆ ಸಿಯಾಟಲ್‌ನಲ್ಲಿ ಸಿಮ್ ಕಳೆದುಕೊಂಡವರಿಗೆ ಮೀನಂಬಾಕ್ಕಂನಲ್ಲಿ ಇಳಿಯುವವರೆಗೆ ಓಟಿಪಿ ಇಲ್ಲ ಎಂದೇ ಲೆಕ್ಕ.

ಅದಕ್ಕೆ ಮೂರು ಮುನ್ನೆಚ್ಚರಿಕೆ. ಮೊದಲನೆಯದು, ಬ್ಯಾಂಕಿನಲ್ಲಿ ಇಮೇಲ್ ನೋಂದಾಯಿಸಿ. ಹಲವು ಬ್ಯಾಂಕುಗಳು ಇಮೇಲಿಗೂ ಓಟಿಪಿ ಕಳಿಸುತ್ತವೆ. ಎರಡನೆಯದು, ಸಿಮ್ಮಿಗೇ ಒಂದು ಪಿನ್ ಹಾಕಿ. ಫೋನಿಗೆ ಬೀಗ ಇದ್ದರೂ ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಓಟಿಪಿ ಅವನಿಗೆ ಸಿಗುತ್ತದೆ. ಪಿನ್ ಇದ್ದರೆ ಸಿಗದು. ಆದರೆ ಹುಷಾರು: ಕಂಪನಿಯ ಮೂಲ ಪಿನ್ ಯಾವುದೆಂದು ಕೇಳಿಕೊಂಡೇ ಶುರು ಮಾಡಿ. ಮೂರು ಸಲ ತಪ್ಪಿದರೆ ಪಿಯುಕೆ ಎಂಬ ಸಂಖ್ಯೆ ಕೇಳುತ್ತದೆ, ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಸತ್ತಂತೆ. ಮೂರನೆಯದು, ಐಎಂಇಐ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಡಿ. ಇಲ್ಲಿ ಕಳೆದ ಫೋನನ್ನು ಸಂಚಾರ್ ಸಾಥಿ ಪೋರ್ಟಲಿನಲ್ಲಿ ತಡೆಹಿಡಿಸಲು ಅದು ಬೇಕು. ಅಲ್ಲಿ ಪೊಲೀಸರಿಗೆ ದೂರು ಕೊಡಲೂ ಬೇಕು.

ಭಾರತದ ನಂಬರು ಇ-ಸಿಮ್ ಆಗಿರಬೇಕೇ, ಪ್ಲಾಸ್ಟಿಕ್ ಆಗಿರಬೇಕೇ? ಇ-ಸಿಮ್ಮನ್ನು ಕಳ್ಳ ಎತ್ತಿ ಬೇರೆ ಫೋನಿಗೆ ಹಾಕಲಾರ, ನಿಜ. ಆದರೆ ಫೋನು ಕೈತಪ್ಪಿ ಬಿದ್ದು ಕೆಟ್ಟರೆ ನೀವೂ ಅದನ್ನು ಸುಲಭವಾಗಿ ಇನ್ನೊಂದಕ್ಕೆ ಹಾಕಲಾರಿರಿ. ಪ್ಲಾಸ್ಟಿಕ್ ಸಿಮ್ಮಾದರೆ ಮಗನ ಹಳೆಯ ಫೋನಿಗೆ ಹಾಕಿ ಮುಂದುವರಿಯಬಹುದು. ಹಿರಿಯರ ಕೈಯಲ್ಲಿ ಫೋನು ಬೀಳುವುದು ಕಳುವಿಗಿಂತ ಹೆಚ್ಚು. ಆದ್ದರಿಂದ ಭಾರತದ ನಂಬರು ಪ್ಲಾಸ್ಟಿಕ್ ಸಿಮ್ಮಿನಲ್ಲಿ, ವಿದೇಶದ್ದು ಇ-ಸಿಮ್ಮಿನಲ್ಲಿ ಅಥವಾ ಎರಡನೆಯ ಕಿಂಡಿಯಲ್ಲಿ ಇರಲಿ. ಇದು ಹೆಚ್ಚಿನವರಿಗೆ ಹೊಂದುವ ಜೋಡಿ.

ಇಳಿದ ಮೇಲೆ ಒತ್ತಬೇಕಾದ ಗುಂಡಿಗಳು

ವಿಮಾನ ಏರಿದ ಕೂಡಲೇ ಫ್ಲೈಟ್ ಮೋಡ್ ಹಾಕಿ. ಕೆಲವು ವಿಮಾನಗಳಲ್ಲೂ ಪ್ರವಾಸಿ ಹಡಗುಗಳಲ್ಲೂ ಅವುಗಳದೇ ಪುಟ್ಟ ಟವರ್ ಇರುತ್ತದೆ. ಫೋನು ಅದಕ್ಕೆ ಅಂಟಿಕೊಂಡರೆ ಬಿಲ್ಲು ಆಕಾಶಕ್ಕೇ.

ಇಳಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಡೇಟಾಕ್ಕೆ ವಿದೇಶದ ಸಿಮ್ ಆರಿಸಿ. ಭಾರತದ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಇರಲಿ. ಒಂದು ಸಿಮ್ಮಿನ ಸಿಗ್ನಲ್ ಕಡಿಮೆಯಾದರೆ ಇನ್ನೊಂದರ ಡೇಟಾಕ್ಕೆ ತಾನಾಗಿ ಜಿಗಿಯುವ ಸೌಲಭ್ಯ ಕೆಲವು ಫೋನುಗಳಲ್ಲಿದೆ, ಅದನ್ನೂ ಆಫ್ ಮಾಡಿ. ಇಲ್ಲೊಂದು ಗೊಂದಲ ಇದೆ. ಪ್ರವಾಸಿ ಇ-ಸಿಮ್ ಬಳಸುವವರು ಆ ಇ-ಸಿಮ್ಮಿನ ಡೇಟಾ ರೋಮಿಂಗ್ ಆನ್ ಮಾಡಬೇಕಾಗುತ್ತದೆ. ಅದು ಸಾಮಾನ್ಯವಾಗಿ ಮೂರನೇ ದೇಶದ್ದಾಗಿ, ಅಲ್ಲೂ ಅತಿಥಿಯಾಗಿಯೇ ಇರುತ್ತದೆ. ಅದರದ್ದು ಆನ್, ಭಾರತದ್ದು ಆಫ್. ಕಾಗದದ ಮೇಲೆ ಬರೆದು ಫೋನಿನ ಹಿಂದೆ ಅಂಟಿಸಿದರೂ ನಾಚಿಕೆಯಿಲ್ಲ. ಬಳಸುತ್ತಿರುವ ಇ-ಸಿಮ್ಮನ್ನು "ಡಿಲೀಟ್" ಮಾತ್ರ ಮಾಡಬೇಡಿ. ಹೆಚ್ಚಿನವು ಒಂದೇ ಸಲ ಇಳಿಸಿಕೊಳ್ಳುವಂಥವು.

ಭಾರತದ ನಂಬರಿಗೆ ಕರೆ ಬಂದರೆ ಎತ್ತದೆ ಬಿಡಿ. ಎತ್ತದಿದ್ದರೆ ಸಾಮಾನ್ಯವಾಗಿ ಶುಲ್ಕವಿಲ್ಲ. ವಾಟ್ಸಾಪ್‌ನಲ್ಲಿ ತಿರುಗಿ ಮಾತಾಡಿ.

ಹೊರಡುವ ಮುನ್ನ ಒಮ್ಮೆ ಓದಿಕೊಳ್ಳಿ

- ಫೋನಿನಲ್ಲಿರುವ ನಂಬರುಗಳೆಲ್ಲ +91 ಸೇರಿಸಿ ಉಳಿಸಿ. ಸೊನ್ನೆ ಗುಂಡಿಯನ್ನು ಒತ್ತಿ ಹಿಡಿದರೆ + ಬರುತ್ತದೆ. ಚೆನ್ನೈ ಸ್ಥಿರ ದೂರವಾಣಿಗೆ +91 44, ಬೆಂಗಳೂರಿಗೆ +91 80.
- ರೋಮಿಂಗ್ ಚಾಲೂ, ರೀಚಾರ್ಜ್ ಅವಧಿ ವಾಪಸಾತಿಗಿಂತ ಒಂದು ತಿಂಗಳು ಮುಂದೆ.
- ಆಧಾರ್, ಬ್ಯಾಂಕ್, ಪಿಂಚಣಿ ಮೂರರಲ್ಲೂ ಒಂದೇ ನಂಬರು ಇದೆಯೇ ನೋಡಿ. ಬ್ಯಾಂಕಿನಲ್ಲಿ ಇಮೇಲ್ ಕೂಡ ಇರಲಿ.
- ಮಕ್ಕಳ ನಂಬರು, ಮನೆ ವಿಳಾಸ, ವಿಮೆಯ ತುರ್ತು ನಂಬರು ಕಾಗದದ ಮೇಲೂ ಇರಲಿ. ಬ್ಯಾಟರಿ ಸತ್ತಾಗ ಕಾಗದವೇ ಗತಿ.
- ಸಿಮ್ ತಟ್ಟೆ ತೆಗೆಯುವ ಸೂಜಿಯನ್ನು ಪರ್ಸಿನಲ್ಲಿ ಇಡಿ.
- ಚಾರ್ಜರ್ ಮೇಲೆ 100-240 ವೋಲ್ಟ್ ಎಂದಿದ್ದರೆ ಎಲ್ಲ ದೇಶಕ್ಕೂ ಆದೀತು. ಪಿನ್ ಮಾತ್ರ ಬೇರೆ. ಸಿಂಗಪುರ, ಮಲೇಷ್ಯಾ, ದುಬೈ, ಬ್ರಿಟನ್‌ಗೆ ಮೂರು ಚೌಕ ಪಿನ್, ಅಮೆರಿಕಕ್ಕೆ ಎರಡು ಚಪ್ಪಟೆ ಪಿನ್.
- ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿರಲಿ, ಅಂದರೆ ಸುಮಾರು 27,000 ಎಂಎಎಚ್. ಸಿಂಗಪುರ್ ಏರ್‌ಲೈನ್ಸ್ ಮತ್ತು ಎಮಿರೇಟ್ಸ್ 2025ರಿಂದ ವಿಮಾನದೊಳಗೆ ಅದರ ಬಳಕೆಯನ್ನು ನಿಷೇಧಿಸಿವೆ.
- ಹೋಗುವ ದೇಶದ ತುರ್ತು ಸಂಖ್ಯೆ ಬಾಯಿಪಾಠ ಮಾಡಿ. ಅಮೆರಿಕದಲ್ಲಿ 911, ಯುರೋಪಿನಲ್ಲಿ 112. ಸಿಂಗಪುರದಲ್ಲಿ ಪೊಲೀಸರಿಗೆ 999, ಆಂಬುಲೆನ್ಸ್‌ಗೆ 995.

ಕೊನೆಯದಾಗಿ, ಮನೆಯಿಂದ ಹೊರಡುವ ಹಿಂದಿನ ದಿನ ಒಂದು ಸಣ್ಣ ರಿಹರ್ಸಲ್ ಮಾಡಿ. ಅಮ್ಮನ ಕೈಗೆ ಫೋನು ಕೊಟ್ಟು, ಪಕ್ಕದಲ್ಲಿ ಕೂತು, ಹೇಳಿಕೊಡದೆ ಸುಮ್ಮನೆ ನೋಡಿ. ಫ್ಲೈಟ್ ಮೋಡ್ ತೆಗೆಯಲು ಬರುತ್ತದೆಯೇ? ಡೇಟಾ ಯಾವ ಸಿಮ್ಮಿನಲ್ಲಿದೆ ಎಂದು ನೋಡಲು ಬರುತ್ತದೆಯೇ? ನಿಲ್ದಾಣದ ವೈಫೈ ಹಿಡಿದು ಮಗಳಿಗೆ ಕರೆ ಮಾಡಲು ಬರುತ್ತದೆಯೇ? ಇಷ್ಟು ಬಂದರೆ ಆಕೆ ಯಾವ ದೇಶದಲ್ಲೂ ದಾರಿ ತಪ್ಪುವುದಿಲ್ಲ. ಬರದಿದ್ದರೆ ಎಷ್ಟೇ ದುಬಾರಿ ಫೋನು ಕೊಡಿಸಿದರೂ ನಡುರಾತ್ರಿ ಪರದೇಶದ ನಿಲ್ದಾಣದಲ್ಲಿ ಅದು ಬರೀ ಗಾಜಿನ ಚೂರು.

ಹಪ್ಪಳ ಒಂದು ಕಟ್ಟು ಕಡಿಮೆಯಾದರೂ ಪರವಾಗಿಲ್ಲ, ಈ ಒಂದು ಗಂಟೆ ಫೋನಿಗೆ ಕೊಡಿ. ಶುಭ ಪ್ರಯಾಣ!